ಮೇಲಿನ ತುಟಿ ಎತ್ತಿ ನೋಡದ ಮೂರು ಬುಧವಾರ

ಮಕ್ಕಳ ದವಾಖಾನೆಯಲ್ಲಿ ನಾನು ಮೂವತ್ತೊಂದು ವರ್ಷ ನರ್ಸ್ ಆಗಿದ್ದೆ. ಮಗುವಿನ ಬಾಯಿಯಲ್ಲಿ ಹಲ್ಲು ಇರುತ್ತದೆ, ತಪಾಸಣೆ ಎಂದಮೇಲೆ ಅದನ್ನೂ ನೋಡಬೇಕು ಎಂದು ತಿಳಿಯುವಷ್ಟರಲ್ಲಿ ಅದರಲ್ಲಿ ಇಪ್ಪತ್ತೈದು ವರ್ಷ ಕಳೆದಿತ್ತು. ಓದುವವರಿಗೆ ನಗು ಬರಬಹುದು, ನನಗೆ ಬರುವುದಿಲ್ಲ. ನಿವೃತ್ತಿಯಾದ ಮೇಲೆ ಮಗಳ ಮನೆಯಲ್ಲಿ, ಗೋರೆಗಾಂವಿನ ಒಂದು ಬಿಲ್ಡಿಂಗಿನ ನಾಲ್ಕನೆಯ ಮಹಡಿಯಲ್ಲಿ ಕುಳಿತು ಇದನ್ನು ಬರೆಯುತ್ತಿರುವುದು ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರಿಗಾಗಿ. ಸೂಜಿ ಹಿಡಿಯುವುದನ್ನು ನಿಮಗೆ ಟ್ರೇನಿಂಗಿನಲ್ಲಿ ಕಲಿಸುತ್ತಾರೆ. ತಾಯಂದಿರು ಏನನ್ನು ಮುಚ್ಚಿಡುತ್ತಾರೆ, ಅದು ಗೊತ್ತಿದ್ದೂ ನಾವು ಯಾಕೆ ಸುಮ್ಮನಿರುತ್ತೇವೆ ಎಂಬುದನ್ನು ಯಾರೂ ಕಲಿಸುವುದಿಲ್ಲ.

ನಮ್ಮದು ಆಂಟಾಪ್ ಹಿಲ್‌ನಲ್ಲಿ ಒಂದು ಟ್ರಸ್ಟಿನ ಸಣ್ಣ ದವಾಖಾನೆ. ಬುಧವಾರ ಬುಧವಾರ ಐದು ವರ್ಷದೊಳಗಿನ ಮಕ್ಕಳ ತಪಾಸಣೆ, ಲಸಿಕೆ. ಡಾಕ್ಟರ್ ಮೇಡಂ ಮರಾಠಿಯವರು, ಸಿಟ್ಟು ಮೂಗಿನ ತುದಿಯಲ್ಲಿ, ಕೈಯಲ್ಲಿ ಸದಾ ಒಂದು ಟಾರ್ಚು. ನನ್ನನ್ನು ಮರಾಠಿಯವರ ಹಾಗೆ ಸುಮತಿತಾಯಿ, ಅಂದರೆ ಸುಮತಿಯಕ್ಕ, ಎಂದು ಕರೆಯುತ್ತಿದ್ದರು. ನಾನು ಉಡುಪಿ ಕಡೆಯವಳು. ಗಂಡ ಮಾಟುಂಗಾದ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದರು. ಬರುವ ತಾಯಂದಿರಲ್ಲಿ ಬಹಳ ಮಂದಿ ವಿಜಯಪುರ, ಬಾಗಲಕೋಟೆ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಅವರ ಕನ್ನಡ ನನಗೆ, ನನ್ನ ಕನ್ನಡ ಅವರಿಗೆ ಮೊದಮೊದಲು ಅರ್ಧವೇ ತಿಳಿಯುತ್ತಿತ್ತು. ಆದರೂ ಕನ್ನಡದ ಸಿಸ್ಟರ್ ಎಂದು ಅವರೆಲ್ಲ ನನ್ನ ಮೇಜಿನ ಮುಂದೆಯೇ ಸಾಲು ನಿಲ್ಲುತ್ತಿದ್ದರು. ಅದು ನನಗೊಂದು ಹೆಮ್ಮೆ. ಆ ಹೆಮ್ಮೆಯೇ ಮುಂದೆ ನನ್ನ ಕಣ್ಣಿಗೆ ಮಣ್ಣೆರಚಿತು.

ಮೊದಲು ಒಂದು ಸಣ್ಣ ತಪ್ಪು ಹೇಳುತ್ತೇನೆ. ಮಕ್ಕಳನ್ನು ತೂಗುವಾಗ ಕಾಲಿನ ಬೆಳ್ಳಿ ಕಡಗ, ಸೊಂಟದ ಉಡಿದಾರ ಬಿಚ್ಚಲು ತಾಯಂದಿರು ಒಪ್ಪುತ್ತಿರಲಿಲ್ಲ. ದೃಷ್ಟಿಯಾಗುತ್ತದೆ ಎನ್ನುತ್ತಿದ್ದರು. ನಾನೂ ಒತ್ತಾಯ ಮಾಡುತ್ತಿರಲಿಲ್ಲ. ಒಂದು ದಿನ ಮೇಡಂ ಹಟ ಹಿಡಿದು ಒಂದು ಕೂಸಿಗೆ ಹೊಸದಾಗಿ ತೊಡಿಸಿದ್ದ ಕಡಗ ಬಿಚ್ಚಿಸಿ ಕಡಗವನ್ನೇ ತಕ್ಕಡಿಗೆ ಹಾಕಿದರು. ಎರಡು ತಿಂಗಳಲ್ಲಿ ಆ ಕೂಸು ಹೆಚ್ಚಿಸಿಕೊಂಡಿದೆ ಎಂದು ನಾನು ಬರೆದಿದ್ದ ತೂಕ ಅಷ್ಟೂ ಬೆಳ್ಳಿಯದು. ಮೂಗಿಗಿಂತ ಮೂಗುತಿ ಭಾರ ಎಂದು ಎಲ್ಲರೂ ನಕ್ಕರು, ನಾನೂ ನಕ್ಕೆ. ನಗದೆ ಇರಬೇಕಾಗಿತ್ತು. ಪದ್ಧತಿ ಎಂದು ಬಿಟ್ಟುಕೊಟ್ಟ ಕಡೆಯಲ್ಲೆಲ್ಲ ನಾನು ತುಂಬುವ ತಪಾಸಣೆ ಕಾರ್ಡಿನಲ್ಲಿ ಸುಳ್ಳು ಬರೆದುಹೋಗುತ್ತದೆ ಎಂಬ ಪಾಠ ಅವತ್ತೇ ಸಿಕ್ಕಿತ್ತು.

ಇನ್ನೊಂದು ತಪ್ಪಂತೂ ನನ್ನದೇ ಬುದ್ಧಿಯಿಂದ ಹುಟ್ಟಿದ್ದು. ಸೂಜಿ ಚುಚ್ಚಿಸಿಕೊಂಡು ಅಳುವ ಮಕ್ಕಳಿಗೆ ಕೊಡಲೆಂದು ನನ್ನ ಮೇಜಿನ ಮೇಲೆ ಒಂದು ಬಿಸ್ಕೆಟ್ ಡಬ್ಬಿಯಲ್ಲಿ ಚಾಕಲೇಟು ತುಂಬಿ ಇಟ್ಟಿದ್ದೆ. ಹಲ್ಲು ಮೂಡದ ಕೂಸಾದರೆ ಬೆರಳನ್ನು ಜೇನುತುಪ್ಪದಲ್ಲಿ ಅದ್ದಿ ನೆಕ್ಕಿಸುತ್ತಿದ್ದೆ. ಅಳು ತಟ್ಟನೆ ನಿಲ್ಲುತ್ತಿತ್ತು. ಸಿಸ್ಟರ್ ಕೈಗುಣ ಒಳ್ಳೆಯದು ಎಂದು ಚಾಳಿನಲ್ಲೆಲ್ಲ ಹೆಸರಾಯಿತು. ಅಳುವ ಮಗುವಿಗೆ ಸಿಹಿ ಕೊಟ್ಟು ಸುಮ್ಮನಾಗಿಸಬಹುದು ಎಂದು ತಾಯಂದಿರಿಗೆ ಹೇಳಿಕೊಟ್ಟವರ ಪೈಕಿ ನಾನೂ ಒಬ್ಬಳು ಎಂಬುದನ್ನು ಈಗ ಒಪ್ಪಿಕೊಳ್ಳಬೇಕು. ಒಂದು ವರ್ಷವೂ ತುಂಬದ ಕೂಸಿಗೆ ಜೇನು ಕೊಡಲೇಬಾರದು ಎಂಬುದು ಆಮೇಲೆ ತಿಳಿದ ಇನ್ನೊಂದು ಮಾತು.

ಇನ್ನು ನೀಲವ್ವನ ಮಗಳ ಕಥೆ. ಇದನ್ನು ಬರೆಯುವುದಕ್ಕಾಗಿಯೇ ಪೆನ್ನು ಹಿಡಿದದ್ದು.

ನೀಲವ್ವ ಬಾಗಲಕೋಟೆ ಕಡೆಯವಳು. ಗಂಡ ಸೆಂಟ್ರಿಂಗ್ ಕೆಲಸದವನು. ಅವರನ್ನು ಮುಂಬಯಿಗೆ ಕರೆತಂದು, ಕೆಲಸ ಕೊಡಿಸಿ, ತನ್ನ ಖೋಲಿಯಲ್ಲೇ ಅರ್ಧ ಜಾಗ ಬಿಟ್ಟುಕೊಟ್ಟಿದ್ದವನು ಅವಳ ಅಣ್ಣ ಬಸಪ್ಪ, ಕಟ್ಟಡ ಕೆಲಸದ ಮುಕಾದಮ, ಅಂದರೆ ಕೂಲಿಗಳ ಮೇಸ್ತ್ರಿ. ಒಂದು ಬುಧವಾರ ಒಂಬತ್ತು ತಿಂಗಳ ಮಗಳು ಗೌರಿಯನ್ನು ಕರೆದುಕೊಂಡು ನೀಲವ್ವ ದಡಾರದ ಚುಚ್ಚುಮದ್ದಿಗೆ ಬಂದಳು. ಅದರ ಜೊತೆ ಎ ಜೀವಸತ್ವದ ಹನಿಯನ್ನು ಬಾಯಿಗೆ ಹಾಕಬೇಕು. ನಾನು ಚಮಚ ಹಿಡಿದು ಕೂಸಿನ ಗಲ್ಲ ಒತ್ತಿದ್ದೇ ತಡ, ನೀಲವ್ವ ನನ್ನ ಕೈ ಹಿಡಿದುಕೊಂಡಳು.

"ಅಕ್ಕಾರ, ಬಾಯಿ ಅಗಲ ತಗಸಬ್ಯಾಡ್ರಿ."

"ಎಂತಕ್ಕೆ?"

ಅವಳು ಸುತ್ತ ನೋಡಿ ನನ್ನ ಕಿವಿಯ ಹತ್ತಿರ ಬಂದಳು. "ಮ್ಯಾಲಿನ ಹಲ್ಲು ಮದಲ ಬಂದಾವ್ರಿ. ಅವು ಮೂಡಿದ ವಾರನs ನಮ್ಮ ಅಣ್ಣ ಕಟ್ಟಡಕ್ಕ ಕಟ್ಟಿದ ಬಿದಿರಿನ ಪರಾಂಚಿ ಮ್ಯಾಲಿಂದ ಬಿದ್ದು ಕಾಲು ಮುರಕೊಂಡಾನ. ಅವನ ಹೇಣ್ತಿ, ನಮ್ಮ ವೈನಿಗೆ ಗೊತ್ತಾತಂದ್ರ ನಮ್ಮನ್ನ ಖೋಲಿಯಿಂದ ಹೊರಗ ಹಾಕ್ತಾಳ. ನಿಮ್ಮ ಕಾಲು ಹಿಡಕೋತೀನಿ, ಯಾರ ಮುಂದೂ ಅನಬ್ಯಾಡ್ರಿ."

ಮಗುವಿಗೆ ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು ಎಂಬ ಮಾತು ನಮ್ಮ ಕಡೆಯೂ ಇದೆ. ತುಳುವಿನಲ್ಲಿ ತಮ್ಮಲೆ ಎಂದು ಕರೆಯುವ ಸೋದರಮಾವ ನಮ್ಮ ಮನೆತನಗಳಲ್ಲಿ ಯಜಮಾನ. ಅವನಿಗೆ ಆಗದ ಮಗು ಎಂದರೆ ಇಡೀ ಮನೆಗೆ ಆಗದ ಮಗು. ನಾನು ನಂಬುತ್ತಿದ್ದೆನೋ ಇಲ್ಲವೋ, ಆ ಹೆಂಗಸಿನ ಹೆದರಿಕೆ ಮಾತ್ರ ನನಗೆ ಪೂರ್ತಿ ತಿಳಿಯಿತು. ಮೇಡಂಗೆ ಇದನ್ನು ಹೇಳಿದ್ದರೆ ಟಾರ್ಚು ತಂದು, ಬಾಯಿ ತೆರೆಸಿ, ನಾಲ್ಕು ಜನ ಕೇಳುವಂತೆ ಬೈಯುತ್ತಿದ್ದರು. ಕನ್ನಡದವಳಾದ ನನಗೆ ಮಾತ್ರ ಅರ್ಥವಾಗುವ ಗುಟ್ಟು ಇದು ಎನಿಸಿತು.

"ಆಯಿತು ಮಾರಾಯ್ತಿ, ನಾನು ಯಾರ ಹತ್ತಿರವೂ ಹೇಳುದಿಲ್ಲ," ಎಂದೆ.

ನೀಲವ್ವ ಎರಡು ಬೆರಳಿನಿಂದ ಕೂಸಿನ ಮೇಲಿನ ತುಟಿಯನ್ನು ಒತ್ತಿ ಹಿಡಿದಳು. ನಾನು ಕೆಳಗಿನ ಸಂದಿಯಿಂದ ಹನಿ ಬಿಟ್ಟೆ. ಕಾರ್ಡಿನಲ್ಲಿ ತೂಕ ಬರೆದು, ಪಕ್ಕದಲ್ಲಿ 'ಸರಿ ಇದೆ' ಎಂದು ಬರೆದು ಸಹಿ ಹಾಕಿದೆ. ದೊಡ್ಡ ಉಪಕಾರ ಮಾಡಿದವಳ ಹಾಗೆ ಅವತ್ತೆಲ್ಲ ಖುಷಿಯಾಗಿದ್ದೆ.

ಎರಡನೆಯ ಸಲ ಅವರು ಬಂದಾಗ ಗೌರಿಗೆ ಹದಿನಾರು ತಿಂಗಳು. ಬಸಪ್ಪನ ಕಾಲು ಪೂರ್ತಿ ಕೂಡಿರಲಿಲ್ಲ. ಅವನ ಗಳಿಕೆ ನಿಂತದ್ದರಿಂದ ನೀಲವ್ವ ತಾನೂ ಸೈಟಿನಲ್ಲಿ ಉಸುಕು ಹೊರಲು ಹೋಗುತ್ತಿದ್ದಳು. ಗೌರಿಯ ಕೈಯಲ್ಲಿ ಒಂದು ಹಾಲಿನ ಬಾಟಲಿ, ಒಳಗೆ ಸಕ್ಕರೆ ಹಾಕಿದ ಹಾಲು ಚಹಾ. ಹಗಲು ಸೈಟಿನ ನೆರಳಲ್ಲಿ ಅದೇ, ರಾತ್ರಿ ನಿದ್ದೆಯಲ್ಲಿ ಬಾಯಿಗೆ ಅದೇ. "ಅದು ಬಾಯಾಗ ಇದ್ರ ಸುಮ್ಮ ಇರತೈತ್ರಿ," ಎಂದಳು. ಪಾಪ, ದುಡಿಯುವ ಹೆಂಗಸು ಎಂದುಕೊಂಡೆ. ಹನಿ ಹಾಕುವಾಗ ಈ ಸಲವೂ ಅವಳ ಬೆರಳು ತುಟಿಯ ಮೇಲೆ ಬಂತು. ಅಷ್ಟರಲ್ಲಿ ಕೆಳಗಿನ ಹಲ್ಲೂ ಬಂದಿದ್ದವು. ಯಾವುದು ಮೊದಲು ಬಂತು ಎಂದು ಇನ್ನು ಯಾರಿಗೂ ಗೊತ್ತಾಗುವಂತಿರಲಿಲ್ಲ. ಹಾಗಾದರೆ ಇವಳು ಮುಚ್ಚುತ್ತಿರುವುದು ಏನನ್ನು ಎಂಬ ಪ್ರಶ್ನೆ ನನಗೆ ಹುಟ್ಟಬೇಕಿತ್ತು, ಹುಟ್ಟಲಿಲ್ಲ. 'ಸರಿ ಇದೆ' ಎಂದು ಬರೆದೆ. ಗೌರಿ ಅಳಲಿಲ್ಲವೆಂದು ಡಬ್ಬಿಯಿಂದ ಒಂದು ಚಾಕಲೇಟನ್ನೂ ಕೊಟ್ಟೆ.

ಎರಡು ವರ್ಷ ತುಂಬಿದಾಗ ಮೂರನೆಯ ಸಲ. ಮತ್ತೆ ಅದೇ ಬೆರಳು, ಅದೇ 'ಸರಿ ಇದೆ'.

ಅದಾಗಿ ಎರಡು ತಿಂಗಳೂ ಆಗಿರಲಿಲ್ಲ. ಬುಧವಾರ ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ನೀಲವ್ವ ಮೆಟ್ಟಿಲ ಮೇಲೆ ಕೂತಿದ್ದಳು. ಸೆರಗಿನ ಕೆಳಗೆ ಗೌರಿ. ಸೆರಗು ಸರಿಸಿದರೆ ನನಗೆ ಮಗುವಿನ ಗುರುತೇ ಹತ್ತಲಿಲ್ಲ. ಮುಖದ ಒಂದು ಪಕ್ಕ ಪೂರಿಯ ಹಾಗೆ ಊದಿ, ಕಣ್ಣು ಮುಚ್ಚಿಹೋಗಿತ್ತು. ಮೈ ಕೆಂಡ. ಅಳುವ ಶಕ್ತಿಯೂ ಇಲ್ಲದೆ ನರಳುತ್ತಿತ್ತು. ಏನೋ ಹುಳ ಕಚ್ಚಿರಬೇಕು ಎಂದುಕೊಂಡು ಒಳಗೆ ಓಡಿದೆ.

ಮೇಡಂ ಬಂದರು. ಹೆಬ್ಬೆರಳಿನಿಂದ ಗೌರಿಯ ಮೇಲಿನ ತುಟಿ ಎತ್ತಿದರು. ನೀಲವ್ವನ ಕೈ ಅಡ್ಡ ಬಂತು. ಮೇಡಂ ಅದನ್ನು ತಳ್ಳಿದರು.

ಅಲ್ಲಿ ಹಲ್ಲುಗಳೇ ಇರಲಿಲ್ಲ. ನಾಲ್ಕು ಕಪ್ಪು ಮೋಟುಗಳು ಇದ್ದವು. ಒಂದರ ಬೇರಿನ ಹತ್ತಿರ ವಸಡು ಉಬ್ಬಿ ಕೀವು ಜಿನುಗುತ್ತಿತ್ತು. ವಾಸನೆ ನನ್ನ ಮೂಗಿಗೆ ಬಡಿಯಿತು. ಎರಡು ವರ್ಷದ ಕೂಸಿನ ಬಾಯಿಂದ ಅಂಥ ವಾಸನೆ ಬರಬಹುದು ಎಂದು ನಾನು ಎಣಿಸಿಯೂ ಇರಲಿಲ್ಲ.

"ಕೀವು ಕಣ್ಣಿನ ಕಡೆಗೆ ಏರಿದೆ. ಈಗಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಮಗು ಉಳಿಯುವುದಿಲ್ಲ," ಎಂದರು ಮೇಡಂ. ಆಮೇಲೆ ಕಾರ್ಡು ತೆಗೆದು ನೋಡಿದರು. "ಸುಮತಿತಾಯಿ, ಇದು ನಿಮ್ಮ ಅಕ್ಷರವಲ್ಲವೇ?"

ಮೂರು ಸಾಲು, ಮೂರು 'ಸರಿ ಇದೆ', ಮೂರು ಸಹಿ. ಟ್ಯಾಕ್ಸಿಯಲ್ಲಿ ಅವರ ಜೊತೆ ನಾನೇ ಹೋದೆ. ದಾರಿಯುದ್ದಕ್ಕೂ ನೀಲವ್ವ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು.

"ಕೇಡಿನ ಹಲ್ಲು ಅಂತನs ಕರ್ರಗಾಗ್ಯಾವು ಅಂತ ತಿಳಕೊಂಡಿದ್ದೆರಿ. ಅಣ್ಣನ ಕಾಲು ನೆಟ್ಟಗಾದ್ರ ಇವೂ ಬೆಳ್ಳಗಾಗ್ತಾವ ಅಂದುಕೊಂಡೆ. ನೀವೂ ಗೊತ್ತಿದ್ದು ಸುಮ್ಮ ಇದ್ರಿ, ಅಂದಮ್ಯಾಲ ಅದಕ್ಕ ಬ್ಯಾರೆ ಔಷಧ ಇಲ್ಲಂತ..."

ಅವಳು ನನ್ನನ್ನು ದೂರುತ್ತಿರಲಿಲ್ಲ. ನನ್ನ ಮೌನವನ್ನು ಅವಳು ವೈದ್ಯಕೀಯ ಸಲಹೆ ಎಂದು ತಿಳಿದಿದ್ದಳು, ಅಷ್ಟೆ.

ಆಸ್ಪತ್ರೆಯಲ್ಲಿ ಮಗುವಿಗೆ ನರದೊಳಗೆ ಔಷಧ ಹತ್ತಿಸಿದರು. ಎರಡು ದಿನ ಏನೂ ಹೇಳಲಾಗದು ಎಂದರು. ಮೂರನೆಯ ದಿನ ಜ್ವರ ಇಳಿಯಿತು, ಕಣ್ಣು ಬಿಟ್ಟಿತು. ಅರಿವಳಿಕೆ ಕೊಟ್ಟು ನಾಲ್ಕು ಹಲ್ಲನ್ನೂ ಕಿತ್ತರು. ಅಲ್ಲಿನ ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ನನ್ನ ಯೂನಿಫಾರ್ಮು ನೋಡಿ ಕೇಳಿದಳು: "ಸಿಸ್ಟರ್, ಇದು ಒಂದು ದಿನದ ಕೆಲಸ ಅಲ್ಲ. ಮೊದಲು ವಸಡಿನ ಅಂಚಿಗೆ ಸುಣ್ಣ ಬಳಿದ ಹಾಗೆ ಬಿಳಿ ಗೆರೆ ಬರುತ್ತದೆ. ಆವಾಗ ಹಿಡಿದಿದ್ದರೆ ಹಲ್ಲು ಉಳಿಯುತ್ತಿತ್ತು. ಬಾಟಲಿಯ ಸಿಹಿ ಮೊದಲು ತಿನ್ನುವುದೇ ಮೇಲಿನ ಮುಂದಿನ ಹಲ್ಲು, ಕೆಳಗಿನದಕ್ಕೆ ನಾಲಿಗೆ ಅಡ್ಡ ಇರುತ್ತದೆ. ತುಟಿ ಎತ್ತಿದರೆ ಕಾಣುತ್ತದಲ್ಲ. ಯಾರೂ ನೋಡಲಿಲ್ಲವಾ?"

ಯಾವ ಎರಡು ಬೆರಳಗಲದ ಜಾಗವನ್ನು ನೋಡಬೇಕಿತ್ತೋ ಸರಿಯಾಗಿ ಅದನ್ನೇ ಮುಚ್ಚಲು ನಾನು ಒಪ್ಪಿಗೆ ಕೊಟ್ಟಿದ್ದೆ.

ಬಸಪ್ಪ ಕೋಲು ಊರಿಕೊಂಡು ಆಸ್ಪತ್ರೆಗೆ ಬಂದಿದ್ದ. ದೊಡ್ಡ ಮೀಸೆಯ, ಗಡುಸು ಮೋರೆಯ ಮನುಷ್ಯ. ತಂಗಿ ಅವನ ಕಾಲಿನ ಬಳಿ ಕುಸಿದು ಎಲ್ಲವನ್ನೂ ಹೇಳಿಬಿಟ್ಟಳು. ಇನ್ನೇನು ಬೈಗುಳ ಬೀಳುತ್ತದೆ ಎಂದು ನಾನು ಅಡ್ಡ ಹೋದೆ. ಅವನು ಬೈಯಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ ಬೆಂಚಿನ ಮೇಲೆ ಕೂತ.

"ಪರಾಂಚಿ ಹಗ್ಗ ಹಳೇದಾಗಿತ್ತು," ಎಂದ. "ಅದು ನನಗ ಗೊತ್ತಿತ್ತು. ಕಟ್ಟಿದಾಂವ ನಾನs. ಈ ಕೂಸಿನ ಬಾಯಿ ನನ್ನ ಸಲುವಾಗಿ ಮುಚ್ಚಿದ್ರೇನು?"



ಮರುದಿನ ಮೇಡಂ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಕೆಲಸದಿಂದ ತೆಗೆದರೂ ಸರಿಯೇ ಎಂದು ಗಟ್ಟಿಮಾಡಿಕೊಂಡಿದ್ದೆ. ಚೊಂಬು ಬಿದ್ದ ಸದ್ದಿಗೂ ರೇಗುವ ಹೆಂಗಸು ಅವತ್ತು ದನಿ ಎತ್ತಲಿಲ್ಲ. ಖಾಲಿ ಕಾರ್ಡೊಂದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ತೂಕಕ್ಕೆ ಜಾಗವಿತ್ತು, ಎತ್ತರಕ್ಕೆ ಇತ್ತು, ಲಸಿಕೆಗೆ ಇತ್ತು. ಹಲ್ಲಿಗೆ ಇರಲಿಲ್ಲ.

"ದಿನಕ್ಕೆ ಎಷ್ಟು ಮಕ್ಕಳ ಗಂಟಲಿಗೆ ಟಾರ್ಚು ಬಿಟ್ಟಿದ್ದೇನೆ ಸುಮತಿತಾಯಿ," ಎಂದರು. "ಗಂಟಲು ನೋಡಬೇಕಾದರೆ ಹಲ್ಲು ದಾಟಿಯೇ ಹೋಗಬೇಕು. ನಾನು ದಾಟಿಯೇ ಹೋದೆ."

ಆಮೇಲೆ ಸ್ಕೇಲು ತೆಗೆದುಕೊಂಡು ಕಾರ್ಡಿನ ಮೇಲೆ ಒಂದು ಗೆರೆ ಎಳೆದು, ಮೇಲೆ 'ಹಲ್ಲು' ಎಂದು ಮರಾಠಿಯಲ್ಲಿ ಬರೆದರು. ಕೆಳಗೆ ಕನ್ನಡದಲ್ಲಿ ನನ್ನಿಂದ ಬರೆಸಿದರು. ಹೊಸ ಕಾರ್ಡು ಅಚ್ಚಾಗಿ ಬರುವವರೆಗೆ ಊಟದ ಬಿಡುವಿನಲ್ಲಿ ಕೂತು ಹಳೆಯ ಕಾರ್ಡುಗಳಿಗೆಲ್ಲ ನಾವಿಬ್ಬರೇ ಆ ಗೆರೆ ಎಳೆದೆವು. ನನ್ನ ಚಾಕಲೇಟು ಡಬ್ಬಿಯನ್ನು ಮೇಡಂ ಎತ್ತಿ ಒಳಗಿಟ್ಟರು. ಅದರಲ್ಲಿ ಆಮೇಲೆ ಹತ್ತಿ ತುಂಬಿದೆವು.

ಹೊಸ ಹುಡುಗಿಯರೇ, ನೋಡುವ ಕ್ರಮ ಬಲು ಸುಲಭ. ತಾಯಿ ನಿಮ್ಮೆದುರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಲಿ. ಮಗು ಅವಳ ಕಡೆ ಮುಖ ಮಾಡಿ ಅವಳ ತೊಡೆಯ ಮೇಲೆ ಕೂತು, ಹಿಂದಕ್ಕೆ ವಾಲಿ ತಲೆಯನ್ನು ನಿಮ್ಮ ಮಡಿಲಿಗೆ ಇಡಲಿ. ಅಮ್ಮನ ಮುಖ ಕಾಣುತ್ತಿರುವುದರಿಂದ ಮಗು ಹೆದರುವುದಿಲ್ಲ. ಅತ್ತರೂ ಒಳ್ಳೆಯದೇ, ಬಾಯಿ ತಾನಾಗಿ ತೆರೆಯುತ್ತದೆ. ಮೇಲಿನ ತುಟಿ ಎತ್ತಿ. ಬಿಳಿ ಗೆರೆ ಕಂಡರೆ ಅವತ್ತೇ ಮಾತಾಡಿ: ಬಾಟಲಿ ಬಾಯಲ್ಲಿಟ್ಟು ಮಲಗಿಸಬೇಡ, ಮೊದಲ ಹಲ್ಲು ಮೂಡಿದ ದಿನದಿಂದ ಅಕ್ಕಿಕಾಳಿನಷ್ಟು ಪೇಸ್ಟು ಹಚ್ಚಿ ಎರಡು ಹೊತ್ತು ಉಜ್ಜು, ಒಂದು ವರ್ಷ ತುಂಬುವುದರೊಳಗೆ ಹಲ್ಲಿನ ಡಾಕ್ಟರಿಗೆ ಒಮ್ಮೆ ತೋರಿಸು. ಇಷ್ಟಕ್ಕೆ ಎರಡು ನಿಮಿಷ ಸಾಕು. ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತದೆ ಎಂದು ಹತ್ತರಲ್ಲಿ ಒಂಬತ್ತು ಮಂದಿ ಹೇಳುತ್ತಾರೆ. ಆಗ ನಾನು ಗೌರಿಯ ಊದಿದ ಮುಖದ ವಿಷಯ ಹೇಳುತ್ತಿದ್ದೆ, ಹೆಸರು ಹೇಳುತ್ತಿರಲಿಲ್ಲ.

ತುಟಿ ಎತ್ತಲು ಶುರುಮಾಡಿದ ಮೊದಲ ಬುಧವಾರ ನನ್ನ ಪಾಲಿಗೆ ಇನ್ನೊಂದು ಆಘಾತ. ಕೂಸಿನ ಮೇಲೆ ಕೂಸು, ಬಿಳಿ ಗೆರೆ, ಕಂದು ಚುಕ್ಕೆ, ಕಪ್ಪು ತೂತು. ಮಧ್ಯಾಹ್ನದ ಹೊತ್ತಿಗೆ ಎಣಿಸುವುದನ್ನು ಬಿಟ್ಟೆ. ಇಷ್ಟು ವರ್ಷ ಇದೆಲ್ಲ ನನ್ನ ಮೂಗಿನ ಕೆಳಗೇ ಇತ್ತೇ ಎಂದು ದಿಗಿಲಾಯಿತು. ಬಡವರ ಮನೆಯ ರೋಗ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುವ ಹಾಗೂ ಇರಲಿಲ್ಲ. ಆ ಭಾನುವಾರ ಮಗಳ ಮನೆಗೆ ಬಂದು, ಬಾದಾಮಿ ಹಾಲಿನ ಬಾಟಲಿ ಚೀಪುತ್ತ ಟಿವಿ ನೋಡುತ್ತಿದ್ದ ಮೊಮ್ಮಗನ ತುಟಿ ಎತ್ತಿದೆ. ದೀಪದ ಬುಡದಲ್ಲಿ ಕತ್ತಲೆ: ಸುಣ್ಣದ ಗೆರೆ, ನಾಲ್ಕೂ ಹಲ್ಲಿಗೆ. ಹುಟ್ಟಿದಾಗಿನಿಂದ ಅವನಿಗೆ ಜೇನು ನೆಕ್ಕಿಸಿದ್ದು ಇದೇ ಬೆರಳು. ಅವನ ಹಲ್ಲು ಉಳಿಯಿತು. ಸಮಯಕ್ಕೆ ನೋಡಿದ್ದರಿಂದ ಉಳಿಯಿತು, ಮತ್ತು ಗೌರಿಯ ಹಲ್ಲು ಹೋದದ್ದರಿಂದ ಸಮಯಕ್ಕೆ ನೋಡಿದೆ. ಈ ಲೆಕ್ಕ ನನ್ನ ಹೊಟ್ಟೆಯಲ್ಲಿ ಇವತ್ತಿಗೂ ಜೀರ್ಣವಾಗಿಲ್ಲ.

ಬಸಪ್ಪ ಕಾಲು ನೆಟ್ಟಗಾದ ಮೇಲೆ ಸೈಟಿನ ತಾಯಂದಿರನ್ನೆಲ್ಲ ಬುಧವಾರ ಸಾಲಾಗಿ ಕಳಿಸತೊಡಗಿದ. ಯಾವಳಾದರೂ ಬಾಯಿ ತೋರಿಸಲು ಹಿಂಜರಿದರೆ ನಾನು ಕೇಳುತ್ತಿದ್ದೆ, "ಮಗುವಿನ ಸೋದರಮಾವ ಎಲ್ಲಿದ್ದಾರೆ? ಅವರನ್ನೇ ಕರೆಸು." ಮಾವಂದಿರು ಬಂದು, ನಕ್ಕು, ತಾವೇ ಮಗುವನ್ನು ಎತ್ತಿಕೊಂಡು ಕೂರುತ್ತಿದ್ದರು. ಒಬ್ಬ ಮಾವನೂ ಬೇಡ ಎಂದದ್ದು ನನಗೆ ನೆನಪಿಲ್ಲ. ಅವರನ್ನು ಯಾರೂ ಕೇಳಿಯೇ ಇರಲಿಲ್ಲ.

ಬಸಪ್ಪನ ಸಂಸಾರವೂ ನೀಲವ್ವನ ಸಂಸಾರವೂ ಆಮೇಲೆ ಜೋಗೇಶ್ವರಿಗೆ ಹೋದವು. ನಾನು ನಿವೃತ್ತಳಾದೆ. ಹೋದ ತಿಂಗಳು ಜೋಗೇಶ್ವರಿ ಸ್ಟೇಷನ್ನಿನಲ್ಲಿ ಲೋಕಲ್ಲಿಗೆ ಕಾಯುತ್ತಿದ್ದಾಗ "ಅಕ್ಕಾರ" ಎಂಬ ಕೂಗು ಕೇಳಿತು. ನೀಲವ್ವ. ಪಕ್ಕದಲ್ಲಿ ಬಸಪ್ಪ, ಮೀಸೆ ಬೆಳ್ಳಗಾಗಿತ್ತು. ನಡುವೆ ಶಾಲೆಯ ಯೂನಿಫಾರ್ಮಿನಲ್ಲಿ ಎಂಟು ವರ್ಷದ ಗೌರಿ.

"ಹಲ್ಲು ಬಂದಾವ್ರಿ ಅಕ್ಕಾರ, ಮುತ್ತಿನಂಥವು," ಎಂದಳು ನೀಲವ್ವ.

ಗೌರಿ ನಗುತ್ತಿದ್ದಳು, ಕಣ್ಣಿನಲ್ಲಿ ಗೊತ್ತಾಗುತ್ತಿತ್ತು. ಬಾಯಿಯ ಮೇಲೆ ಮಾತ್ರ ಅಂಗೈ ಅಡ್ಡ ಇತ್ತು. ಮುಂದಿನ ಹಲ್ಲಿಲ್ಲದೆ ಐದಾರು ವರ್ಷ ಕಳೆದ ಹುಡುಗಿ, ಶಾಲೆಯಲ್ಲಿ ಮಕ್ಕಳು ಚೇಷ್ಟೆ ಮಾಡಿರಬೇಕು, ಆ ಅಭ್ಯಾಸ ಎಂದುಕೊಂಡೆ.

"ನನಗೆ ತೋರಿಸುದಿಲ್ವಾ ಮಗಾ?" ಎಂದೆ.

ಅವಳು ಕೈ ತೆಗೆಯದೆ, ಹತ್ತಿರ ಬಂದು, ಏಳು ವರ್ಷದ ಹಿಂದೆ ಅವಳ ತಾಯಿ ಪಿಸುಗುಟ್ಟಿದ್ದ ಅದೇ ದನಿಯಲ್ಲಿ ಹಿಂದಿಯಲ್ಲಿ ಕೇಳಿದಳು. "ಫಿರ್ ಮಾಮಾ ಗಿರ್ ಗಯಾ ತೋ?"

ಮಾಮಾ ಮತ್ತೆ ಬಿದ್ದುಬಿಟ್ಟರೆ? ಯಾರು ಹೇಳಿಕೊಟ್ಟರು ಇವಳಿಗೆ? ಯಾರೂ ಹೇಳಿರಲಾರರು. ದೊಡ್ಡವರ ಮಾತನ್ನು ಹೆಕ್ಕಿ ಹೆಕ್ಕಿ ತಾನೇ ಜೋಡಿಸಿಕೊಂಡಿದ್ದಾಳೆ. ಕೀವು ಹೋಗಿತ್ತು, ಹಲ್ಲು ಬಂದಿತ್ತು. ಆ ಹೆದರಿಕೆ ಮಾತ್ರ ಒಳಗೇ ಉಳಿದಿತ್ತು. ಒಂದು ಲೋಕಲ್ ಬಂದು ಹೋಯಿತು. ಅದು ನನ್ನದು, ನಾನು ಹತ್ತಲಿಲ್ಲ.

ಬಸಪ್ಪನಿಗೆ ಆ ಮಾತು ಕೇಳಿಸಿತ್ತು. ಕೈಚೀಲ ಕೆಳಗಿಟ್ಟು, ಕಷ್ಟಪಟ್ಟು ಕಾಲು ಮಡಚಿ ಪ್ಲಾಟ್‌ಫಾರ್ಮಿನ ಮೇಲೆ ಅವಳೆದುರು ಕುಕ್ಕರಗಾಲಲ್ಲಿ ಕೂತ. "ಇಲ್ಲಿ ನೋಡವ್ವಾ, ನಾ ಕೆಳಗs ಕುಂತೀನಿ. ಇಲ್ಲಿಂದ ಎಲ್ಲಿ ಬೀಳ್ತೀನಿ? ತಗಿ ಕೈ."

ಗೌರಿ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಕೈ ಇಳಿಸಿದಳು. ನಾನು ಅಲ್ಲೇ, ಜನ ನೋಡುತ್ತಿದ್ದಂತೆ, ಹೆಬ್ಬೆರಳಿನಿಂದ ಅವಳ ಮೇಲಿನ ತುಟಿ ಎತ್ತಿದೆ. ಎರಡು ದೊಡ್ಡ ಹೊಸ ಹಲ್ಲು, ಅಂಚು ಇನ್ನೂ ಗರಗಸದ ಹಾಗೆ, ಎಲ್ಲೂ ಗೆರೆಯಿಲ್ಲ. ಪಕ್ಕದಲ್ಲಿ ನೀಲವ್ವನ ಎರಡು ಬೆರಳು ಅವಳಿಗೇ ಗೊತ್ತಿಲ್ಲದಂತೆ ಮೇಲೆದ್ದು ಬಂದವು, ಅರ್ಧ ದಾರಿಯಲ್ಲಿ ನಿಂತವು, ಆಮೇಲೆ ಮೆಲ್ಲಗೆ ಕೆಳಗಿಳಿದವು.